ಕೂಲಿಯ ಸೇರು

ಟಿಕೆಟ್ಟು ಎರಡು ಯೂರೊ. ಮಕ್ಕಳಿಗಿಲ್ಲ.
ಬುಧವಾರ ರಜೆ. ಬೀಗದ ಕೈ ನನ್ನ ಬಳಿ,
ನಾನಿಲ್ಲದಿದ್ದರೆ ಎದುರಿನ ಬಾರಿನ ಲೌರೆಂಟಿನೊ ಬಳಿ.
ಒಳಗೆ ಬರುವಾಗ ತಲೆ ಜೋಪಾನ.
ಈ ಬಾಗಿಲು ಕೂರಿಸಿದ ಕಾಲಕ್ಕೆ
ಗಲಿಸಿಯಾದಲ್ಲಿ ಯಾರೂ ಇಷ್ಟೆತ್ತರ ಬೆಳೆಯುತ್ತಿರಲಿಲ್ಲ,
ಬೆಳೆಯುವಷ್ಟು ರೊಟ್ಟಿ ಇರಲಿಲ್ಲ.

ಇದು ಮೇಲಿನ ಕಲ್ಲು, ತಿರುಗುವುದು.
ಇದು ಕೆಳಗಿನದು, ಸುಮ್ಮನೆ ತಾಳುವುದು.
ಗಂಡ ಹೆಂಡಿರಂತೆ ಎಂದು ನಗಿಸುತ್ತಿದ್ದೆ ಮೊದಮೊದಲು.
ನನ್ನ ಮದುವೆ ಮುರಿದ ಮೇಲೆ ಬಿಟ್ಟೆ.

ತೊಟ್ಟಿಯ ಬಾಯಿಗೆ ಜೋತ ಈ ಮರದ ತುಂಡು
ಕಲ್ಲಿನ ಬೆನ್ನ ಮೇಲೆ ಟಕಟಕ ಕುಣಿದು
ಕಾಳು ಉದುರಿಸುತ್ತಿತ್ತು.
ನನ್ನಜ್ಜ ಅಮಾರೊ ಈ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದನಂತೆ,
ಸದ್ದು ಬದಲಾದರೆ ಎಚ್ಚರ.
ಈಗ ಈ ಗುಂಡಿ ಒತ್ತಿದರೆ ಅದೇ ಸದ್ದು. ಒತ್ತಿ ನೋಡಿ.
ಹೊಳೆಯನ್ನು ಮೇಲೆ ಅಣೆಕಟ್ಟಿನವರು ತಿರುಗಿಸಿಕೊಂಡು
ಮೂವತ್ತು ವರ್ಷವಾಯಿತು.

ಗಾಜಿನೊಳಗಿನ ಈ ಸೀಸದ ಬಿಲ್ಲೆ
ಯುದ್ಧ ಮುಗಿದ ಹಸಿವಿನ ವರ್ಷಗಳಲ್ಲಿ
ಸರಕಾರ ಕಲ್ಲಿಗೆ ಹಾಕಿದ ಮುದ್ರೆ.
ಅಜ್ಜ ರಾತ್ರಿ ಅದನ್ನು ಬಿಚ್ಚುತ್ತಿದ್ದ,
ಊರಿನ ರೈ, ಊರಿನ ಮೆಕ್ಕೆಜೋಳ ಬೀಸಿ,
ಕೋಳಿ ಕೂಗುವ ಮೊದಲು ಮತ್ತೆ ಕಟ್ಟುತ್ತಿದ್ದ.
ಜನ ಇಲ್ಲಿ ನಿಂತು ಅವನ ಫೋಟೊದ ಫೋಟೊ ತೆಗೆಯುತ್ತಾರೆ.
ನಾನೂ ಸ್ವಲ್ಪ ದನಿ ತಗ್ಗಿಸಿ ಹೇಳುತ್ತೇನೆ, ಇಲ್ಲಿಯವರೆಗೆ.

ಪಕ್ಕದಲ್ಲಿರುವುದು ಕೂಲಿಯ ಸೇರು. ಚೆಸ್ಟ್‌ನಟ್ ಮರ.
'ಮೂಟೆಗೆ ಒಂದು ಸೇರು, ಬೀಸಿದವನ ಪಾಲು.'
ಚೀಟಿ ಬರೆದವಳು ನಾನೇ.

ನವೆಂಬರಿನಲ್ಲಿ ಒಬ್ಬಳೇ ಬಂದಳು ಒಟಿಲಿಯಾ,
ತೊಂಬತ್ತು ದಾಟಿದವಳು, ಮೇಲಿನ ಕೇರಿಯವಳು.
ಟಿಕೆಟ್ಟು ಎಂದೆ.
'ನನ್ನಮ್ಮ ಆಗಲೇ ಕೊಟ್ಟಿದ್ದಾಳೆ' ಎಂದಳು.
ಗಾಜು ತೆಗೆಸಿದಳು. ಸೇರಿನ ಅಂಚಿನ ಮೇಲೆ
ಬೆರಳು ಓಡಿಸಿ ಒಂದು ಕಡೆ ನಿಲ್ಲಿಸಿದಳು:
'ಇಲ್ಲಿಂದ ಮೇಲೆ ನಮ್ಮದು.'

ಆಗ ಕಂಡಿತು.
ಸುತ್ತ ಬಳಸಿದ ಒಂದು ಪಟ್ಟಿ. ಬೇರೆ ಮರ,
ಎಳೆ ಅಡ್ಡಡ್ಡ. ನಾಲ್ಕು ಮೊಳೆ.
ಒಂಬತ್ತು ವರ್ಷ ಅಗಸೆ ಎಣ್ಣೆ ಹಚ್ಚಿ ಒರೆಸಿದ ಕೈ ಇದು,
ಆ ಬೆಸುಗೆ ಗೊತ್ತಿತ್ತು ಇದಕ್ಕೆ.
ಅಲಂಕಾರ ಎಂದುಕೊಂಡಿದ್ದೆ.

'ಅಮ್ಮ ಅಳೆದು ತರುತ್ತಿದ್ದಳು, ಹೋಗಿ ಅಳೆಯುತ್ತಿದ್ದಳು.
ಎಲ್ಲರಿಗೂ ಗೊತ್ತಿತ್ತು, ಮಗು.
ಕದ್ದು ಬೀಸಿಸಿದ ಹಿಟ್ಟು ಕಮ್ಮಿ ಬಂತೆಂದು
ಯಾವ ಪೇದೆಯ ಮುಂದೆ ಅಳುವುದು?'

ನಾನು ಕುರ್ಚಿ ಎಳೆದುಕೊಟ್ಟೆ. ಬೇರೇನು ಕೊಡಲಿ?
ಅವಳು ಕೂತು, ಬಗ್ಗಿ, ತಾನೇ ಗುಂಡಿ ಒತ್ತಿದಳು.
ಕಣ್ಣು ಮುಚ್ಚಿ ಕೇಳಿದಳು ಕೊನೆಯವರೆಗೆ.
'ಇದು ಬರಿದಾದ ತೊಟ್ಟಿಯ ಸದ್ದು' ಎಂದಳು,
'ಯಾರೋ ಕಾಳು ಹಾಕದೆ ತುಂಬಿಸಿಕೊಂಡಿದ್ದಾರೆ.'
ಹೊರಡುವಾಗ ಬಾಗಿಲಲ್ಲಿ, ತಲೆ ಬಗ್ಗಿಸಬೇಕಿಲ್ಲದವಳು:
'ಹಿಟ್ಟು ಮಾತ್ರ ನುಣ್ಣಗೆ. ಕೆಳಗಿನ ಗಿರಣಿಯದರಲ್ಲಿ
ಮರಳು ಸಿಗುತ್ತಿತ್ತು ಹಲ್ಲಿಗೆ.'

ಆ ರಾತ್ರಿ ಲೆಕ್ಕ ಹಾಕಿದೆ, ಹಾಕಬಾರದಿತ್ತು.
ವಾರಕ್ಕೆ ಇಷ್ಟು ಮೂಟೆ, ಮೂಟೆಗೆ ಒಂದು ಬೆರಳು.
ನನ್ನಮ್ಮ ಹುಟ್ಟಿದ್ದು ಅದೇ ವರ್ಷಗಳಲ್ಲಿ,
ದುಂಡಗೆ, ಊರಿನಲ್ಲಿ ಬದುಕುಳಿದ ಕೆಲವೇ ಕೂಸುಗಳಲ್ಲಿ
ಒಂದಾಗಿ.

ಹೊಸ ಚೀಟಿಗೆ ನಗರಸಭೆಗೆ ಅರ್ಜಿ ಹಾಕಬೇಕು.
'ಬದಲಾವಣೆಗೆ ಕಾರಣ' ಎಂಬ ಕಡೆ
ಬಹಳ ಹೊತ್ತು ಪೆನ್ನು ಹಿಡಿದು ಕೂತೆ.
'ಅಳತೆ ತಪ್ಪಿದೆ' ಎಂದು ಬರೆದೆ.
ಮರುಮಾತಿಲ್ಲದೆ ಮಂಜೂರಾಯಿತು.

ಓದಿಕೊಳ್ಳಿ: 'ಮೂಟೆಗೆ ಒಂದು ಸೇರು,
ಮೇಲೆ ಒಂದು ಬೆರಳು.'

ಯಾರ ಬೆರಳು ಎಂದು ಮಕ್ಕಳು ಕೇಳುತ್ತವೆ.
ಗಾಜು ತೆಗೆದು
ನನ್ನದನ್ನು ಪಟ್ಟಿಯ ಮೇಲೆ ಅಡ್ಡ ಇಟ್ಟು ತೋರಿಸುತ್ತೇನೆ.
ಸರಿಯಾಗಿ ಕೂರುತ್ತದೆ.